ಜಲಜನಕದ ಬಾಟಲಿ ಮತ್ತು ಹದಿನೆಂಟು ಸೆಕೆಂಡು

ನಾವು ಓದುವಾಗ ವಿಜ್ಞಾನದ ಪುಸ್ತಕದಲ್ಲಿ ಹೈಡ್ರೋಜನ್‌ಗೆ ಜಲಜನಕ ಅಂತ ಹೆಸರಿತ್ತು. ನೀರನ್ನು ಹುಟ್ಟಿಸಿದವನು, ಅಂದರೆ ನೀರಿನ ಅಪ್ಪ. ಆ ಅಪ್ಪನನ್ನೇ ತಿರುಗಿ ನೀರಿನೊಳಗೆ ಕರಗಿಸಿ ಮಾರುವ ಕಾಲ ಬರುತ್ತದೆ ಅಂತ ನಮ್ಮ ಮಾಸ್ತರರು ಕನಸಿನಲ್ಲೂ ಎಣಿಸಿರಲಿಕ್ಕಿಲ್ಲ. ಅಂಥದೊಂದು ಬಾಟಲಿ ಮೂರು ತಿಂಗಳಿಂದ ಉಪ್ಪಲ್‌ನ ನಮ್ಮ ಮನೆಯ ಫ್ರಿಜ್ಜಿನ ಮೇಲೆ ಕೂತಿತ್ತು. ಬಟನ್ ಒತ್ತಿದರೆ ತಳದಲ್ಲಿ ನೀಲಿ ದೀಪ ಹತ್ತಿ, ಸಣ್ಣ ಸಣ್ಣ ಗುಳ್ಳೆಗಳು ಹೊಗೆಯ ಹಾಗೆ ಮೇಲೇಳುತ್ತವೆ. ನೋಡಲಿಕ್ಕೆ ಚೆಂದ, ಸುಳ್ಳು ಯಾಕೆ ಹೇಳಲಿ.

ತಂದವನು ನನ್ನ ಅಕ್ಕನ ಮಗ. ಕಲಬುರಗಿ ಕಡೆಯ ಹುಡುಗ. ಇಲ್ಲಿ ಉಪ್ಪಲ್ ಇಂಡಸ್ಟ್ರಿಯಲ್ ಏರಿಯಾದ ಒಂದು ಗೋಡೌನಿನಲ್ಲಿ ಹಗಲು ಕೆಲಸ, ರಾತ್ರಿ ಓದು, ಬೆಳಿಗ್ಗೆ ಓಟ. ಕರ್ನಾಟಕ ಪೊಲೀಸ್ ಕಾನ್‌ಸ್ಟೇಬಲ್ ಆಗಬೇಕೆಂಬುದು ಅವನ ಹಟ. ಅದಕ್ಕೆ ಗಂಡುಮಕ್ಕಳು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಓಡಬೇಕು. ಒಂದು ಸೆಕೆಂಡು ಹೆಚ್ಚಾದರೂ ಮನೆಗೆ ಹೋಗು. ಬರೆದ ಪರೀಕ್ಷೆ, ಓದಿದ ರಾತ್ರಿಗಳು ಎಲ್ಲ ನೀರಿನಲ್ಲಿ ಹೋಮ. ಇವನದು 6:48ರ ಆಸುಪಾಸಿನಲ್ಲಿ ನಿಂತುಬಿಟ್ಟಿತ್ತು. ಬೇಕಾದದ್ದು ಹದಿನೆಂಟು ಸೆಕೆಂಡು.

ಅಕ್ಕ ಬೂಟಿಗೆ ಅಂತ ಐದು ಸಾವಿರ ಕಳಿಸಿದ್ದಳು. ಇವನ ಹಳೇ ಬೂಟಿನ ಅಟ್ಟೆ ಬಾಯಿ ಬಿಟ್ಟು ಎಷ್ಟೋ ದಿನ ಆಗಿತ್ತು. ಒಂದು ಸಂಜೆ ಪೊಟ್ಟಣ ಹಿಡಿದುಕೊಂಡು ಬಂದ. ನೋಡಿದರೆ ಬೂಟಲ್ಲ, ಬಾಟಲಿ.

"ಮಾಮಾ, ಬೈಬ್ಯಾಡ್ರಿ. ಬೂಟ್ ಮುಂದಿನ ತಿಂಗಳ ತಗೋತೀನಿ."

"ಏನಿದು?"

"ಹೈಡ್ರೋಜನ್ ವಾಟರ್‌ದು ರೀ. ಕುಡದ್ರ ದಮ್ಮ ಹತ್ತಂಗಿಲ್ಲಂತ. ಜಿಮ್ಮಿನ ಸರ್ ಹೇಳ್ಯಾರ. ಜಪಾನ್‌ದಾಗ ಆಟಗಾರರು ಇದನ್ನೇ ಕುಡೀತಾರಂತ."

ಬೆಲೆ 4,800 ರೂಪಾಯಿ. ನನಗೆ ಸಿಟ್ಟು ಬಂತು. ಆದರೆ ಬೈಯುವ ಮೊದಲು ಓದೋಣ ಅಂದುಕೊಂಡೆ. ಯಾಕಂದರೆ ತಿಳಿಯದೇ ಬೈಯುವುದೂ ತಿಳಿಯದೇ ಕೊಳ್ಳುವುದೂ ಒಂದೇ ಜಾತಿ. ನಾಲ್ಕು ರಾತ್ರಿ ಓದಿದೆ. ಓದಿದ ಮೇಲೆ ಸಿಟ್ಟು ಪೂರ್ತಿ ಹೋಗಲಿಲ್ಲ, ಆದರೆ ಅದರ ಮುಖ ಬದಲಾಯಿತು.

ಮೊದಲನೆಯದಾಗಿ, ಇದು ಬರೇ ಬುರುಡೆ ಅಲ್ಲ. 2007ರಲ್ಲಿ ಜಪಾನಿನ ನಿಪ್ಪೋನ್ ವೈದ್ಯಕೀಯ ಕಾಲೇಜಿನ ಶಿಗೆಯೊ ಓಹ್ತಾ ಅವರ ಗುಂಪು 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಒಂದು ಪ್ರಬಂಧ ಪ್ರಕಟಿಸಿತು. ಮಿದುಳಿಗೆ ರಕ್ತ ನಿಲ್ಲಿಸಿದ ಇಲಿಗಳಿಗೆ ಹೈಡ್ರೋಜನ್ ಅನಿಲ ಉಸಿರಾಡಿಸಿದರೆ ಮಿದುಳಿನ ಹಾನಿ ಕಡಿಮೆಯಾಯಿತು ಅಂತ. ನಮ್ಮ ಜೀವಕೋಶಗಳು ಆಮ್ಲಜನಕವನ್ನು ಬಳಸುವಾಗ ಕೆಲವು ಪುಂಡ ಅಣುಗಳು ಹುಟ್ಟುತ್ತವೆ. ಫ್ರೀ ರಾಡಿಕಲ್ ಅಂತಾರಲ್ಲ, ಅವು. ಅವುಗಳಲ್ಲೂ ಅತಿ ಕ್ರೂರಿಯಾದ ಹೈಡ್ರಾಕ್ಸಿಲ್ ರಾಡಿಕಲನ್ನು ಹೈಡ್ರೋಜನ್ ಹಿಡಿದು ನೀರು ಮಾಡಿಬಿಡುತ್ತದೆ, ದೇಹಕ್ಕೆ ಬೇಕಾದ ಉಳಿದವನ್ನು ಮುಟ್ಟುವುದಿಲ್ಲ ಅನ್ನುವುದು ಅವರ ವಾದ. ಆ 'ಮುಟ್ಟುವುದಿಲ್ಲ' ಅನ್ನುವುದು ಮುಖ್ಯ. ಯಾಕಂದರೆ 2009ರಲ್ಲಿ ಜರ್ಮನಿಯಲ್ಲಿ ವ್ಯಾಯಾಮ ಮಾಡುವ ತರುಣರಿಗೆ ವಿಟಮಿನ್ ಸಿ ಮತ್ತು ಇ ಮಾತ್ರೆ ಕೊಟ್ಟು ನೋಡಿದರು. ಮಾತ್ರೆ ತಿಂದವರಲ್ಲಿ ವ್ಯಾಯಾಮದಿಂದ ಇನ್ಸುಲಿನ್ ಚೆನ್ನಾಗಿ ಕೆಲಸ ಮಾಡತೊಡಗುವ ಲಾಭವೇ ಕಾಣಲಿಲ್ಲ! ಓಡುವಾಗ ಹುಟ್ಟುವ ಆ ಪುಂಡರೇ ದೇಹಕ್ಕೆ 'ಗಟ್ಟಿಯಾಗು' ಅಂತ ಸುದ್ದಿ ಮುಟ್ಟಿಸುವವರೂ ಹೌದಂತೆ. ಎಲ್ಲರನ್ನೂ ಹಿಡಿದು ಒಳಗೆ ಹಾಕಿದರೆ ಸುದ್ದಿ ಹೇಳುವವರೇ ಇರುವುದಿಲ್ಲ.

ಇರಲಿ. ಇಲಿಯ ಮಿದುಳಿಗೂ ಭಗಾಯತ್‌ನ ರಸ್ತೆಯಲ್ಲಿ ಓಡುವ ಹುಡುಗನಿಗೂ ಬಹಳ ದೂರ. ನಡುವೆ ಏನಿದೆ ಅಂತ ಹುಡುಕಿದೆ.

2012ರಲ್ಲಿ ಜಪಾನಿನ ಹತ್ತು ಜನ ಫುಟ್‌ಬಾಲ್ ಆಟಗಾರರಿಗೆ ಈ ನೀರನ್ನು ಕುಡಿಸಿ ಸೈಕಲ್ ತುಳಿಸಿದರು. ಹೈಡ್ರೋಜನ್ ನೀರು ಕುಡಿದ ದಿನ ರಕ್ತದಲ್ಲಿ ಲ್ಯಾಕ್ಟೇಟ್ ಕಡಿಮೆ, ತೊಡೆಯ ಸ್ನಾಯು ಶುರುವಿನಲ್ಲಿ ಸೋಲುವುದೂ ಕಡಿಮೆ. ಜಿಮ್ಮಿನ ಸರ್ ಹೇಳಿದ ಜಪಾನ್ ಇದೇ ಇರಬೇಕು. ಆದರೆ ಅದೇ ಪ್ರಬಂಧದಲ್ಲಿ ಇನ್ನೊಂದು ಮಾತಿದೆ. ಪುಂಡ ಅಣುಗಳ ಹಾವಳಿಯನ್ನು ಅಳೆಯುವ ರಕ್ತಪರೀಕ್ಷೆಯಲ್ಲಿ ಎರಡೂ ನೀರಿಗೆ ವ್ಯತ್ಯಾಸ ಕಾಣಲಿಲ್ಲ. ಅಂದರೆ ಯಾವ ಕೆಲಸ ಮಾಡುತ್ತದೆ ಅಂತ ಹೇಳಿ ಮಾರುತ್ತಾರೋ ಆ ಕೆಲಸದ ಗುರುತೇ ಇಲ್ಲ. (ಲ್ಯಾಕ್ಟೇಟ್ ಪಾಪ ಸ್ನಾಯುವಿನ ವಿಷವೂ ಅಲ್ಲ. ಹೃದಯ, ಸ್ನಾಯು ಎರಡೂ ಅದನ್ನು ಇಂಧನವಾಗಿ ಉರಿಸುತ್ತವೆ. ನಾವು ಓದುವಾಗ ಕಳ್ಳ ಅಂತ ಹೇಳಿಕೊಟ್ಟಿದ್ದರು, ಈಗ ಬಿಡುಗಡೆಯಾಗಿದೆ.)

ಚೆಕ್ ದೇಶದ ಒಲೊಮೌಟ್ಸ್ ಊರಿನ ವಿಶ್ವವಿದ್ಯಾಲಯದವರು ಇದರ ಬೆನ್ನು ಹತ್ತಿದ್ದಾರೆ. ಅವರ 2020ರ ಒಂದು ಪ್ರಯೋಗ ನನಗೆ ಬಹಳ ಹಿಡಿಸಿತು, ಯಾಕಂದರೆ ಅದು ಲ್ಯಾಬಿನ ಸೈಕಲ್ ಅಲ್ಲ, ನಿಜವಾದ ಗುಡ್ಡ ಹತ್ತುವ ಓಟ. ಒಟ್ಟಾರೆ ನೋಡಿದರೆ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇಲ್ಲ. ಬಿಡಿಸಿ ನೋಡಿದರೆ ಹಿಂದೆ ಬಿದ್ದವರಿಗೆ ಸ್ವಲ್ಪ ಲಾಭ ಆಗಿರಬಹುದು, ಮುಂದಿದ್ದವರಿಗೆ ಕಾಣಲಿಲ್ಲ. ಅದೇ ವರ್ಷ ಮಲೇಷ್ಯಾದಲ್ಲಿ ಪಳಗಿದ 14 ಜನ ದೂರದ ಓಟಗಾರರನ್ನು ಟ್ರೆಡ್‌ಮಿಲ್ ಮೇಲೆ ಓಡಿಸಿದರು. ಏನೂ ಇಲ್ಲ. ಇಂಥವನ್ನೆಲ್ಲ ಗುಡ್ಡೆ ಹಾಕಿ ಲೆಕ್ಕ ಮಾಡಿದ ವಿಶ್ಲೇಷಣೆಗಳು 2023, 2024ರಲ್ಲಿ ಬಂದಿವೆ. ಆಯಾಸ ಆದ ಹಾಗೆ ಅನ್ನಿಸುವುದು ಸ್ವಲ್ಪ ಕಡಿಮೆಯಾಗುತ್ತದೆ, ಲ್ಯಾಕ್ಟೇಟ್ ಸ್ವಲ್ಪ ಇಳಿಯುತ್ತದೆ, ಆದರೆ ದೀರ್ಘ ಓಟಕ್ಕೆ ಬೇಕಾದ ದಮ್ಮು ಹೆಚ್ಚುವುದಿಲ್ಲ ಅನ್ನುವುದು ಅವುಗಳ ಸಾರ. ಎಲ್ಲ ಸಣ್ಣ ಸಣ್ಣ ಗುಂಪುಗಳು, ಹತ್ತು ಜನ, ಹದಿನಾಲ್ಕು ಜನ. ಒಬ್ಬನಿಗೆ ಆ ದಿನ ನೆಗಡಿ ಆಗಿದ್ದರೂ ಲೆಕ್ಕ ಅಲ್ಲಾಡುವಷ್ಟು ಸಣ್ಣವು.

ಅಂದ ಹಾಗೆ, ಕದ್ದು ಕುಡಿಯಬೇಕಾದ ಮದ್ದೇನೂ ಅಲ್ಲ ಇದು. ಕ್ರೀಡೆಯ ಮದ್ದು ತಡೆಯುವ ಜಾಗತಿಕ ಸಂಸ್ಥೆ 2014ರಲ್ಲಿ ಕ್ಸೆನಾನ್ ಅನಿಲವನ್ನು ನಿಷೇಧದ ಪಟ್ಟಿಗೆ ಸೇರಿಸಿತು. ಹೈಡ್ರೋಜನ್‌ಗೆ ಆ ಗೌರವ ಇನ್ನೂ ಸಿಕ್ಕಿಲ್ಲ. :)

ಆಮೇಲೆ ಲೆಕ್ಕಕ್ಕೆ ಕೂತೆ. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರಿನಲ್ಲಿ ಕರಗುವ ಹೈಡ್ರೋಜನ್ ಹೆಚ್ಚೆಂದರೆ 1.6 ಮಿಲಿಗ್ರಾಂ. ಅರ್ಧ ಲೀಟರಿಗೆ 0.8. ಅನಿಲದ ಲೆಕ್ಕದಲ್ಲಿ ಸುಮಾರು 10 ಮಿಲಿಲೀಟರ್, ಅಂದರೆ ಎರಡು ಚಮಚದಷ್ಟು ಜಾಗ. ಮುಚ್ಚಳ ಬಿಗಿದು ಒತ್ತಡ ಏರಿಸಿದರೆ ಇನ್ನಷ್ಟು ಕರಗುತ್ತದೆ, ಮುಚ್ಚಳ ತೆಗೆದರೆ ಸೋಡಾದ ಗ್ಯಾಸಿನ ಹಾಗೆ ಹೊರಟುಹೋಗುತ್ತದೆ. ಕಣ್ಣಿಗೆ ಕಾಣುವ ಗುಳ್ಳೆ ಕರಗಿದ ಹೈಡ್ರೋಜನ್ ಅಲ್ಲ, ಕರಗದೇ ಓಡಿಹೋಗುತ್ತಿರುವ ಹೈಡ್ರೋಜನ್! ಜಗತ್ತಿನ ಅತಿ ಸಣ್ಣ ಅಣು ಅದು, ಪ್ಲಾಸ್ಟಿಕ್ಕಿನಲ್ಲೂ ತೂರಿ ಹೋಗುತ್ತದೆ. 2016ರ ಡಿಸೆಂಬರಿನಲ್ಲಿ ಜಪಾನಿನ ರಾಷ್ಟ್ರೀಯ ಗ್ರಾಹಕ ಕೇಂದ್ರದವರು ಅಂಗಡಿಯಲ್ಲಿ ಸಿಗುವ ಇಂಥ ನೀರನ್ನು ತಂದು ಪರೀಕ್ಷಿಸಿದಾಗ, ಕೆಲವು ಪ್ಲಾಸ್ಟಿಕ್ ಬಾಟಲಿಗಳಲ್ಲಿ ಮುಚ್ಚಳ ತೆಗೆದ ಗಳಿಗೆಯಲ್ಲೇ ಹೈಡ್ರೋಜನ್ ಇರಲಿಲ್ಲ. ಮಾತ್ರೆಯ ರೂಪದಲ್ಲೂ ಸಿಗುತ್ತದೆ. ಅದರೊಳಗಿನ ಮೆಗ್ನೀಸಿಯಂ ನೀರಿನೊಂದಿಗೆ ಸೇರಿ ಹೈಡ್ರೋಜನ್ ಬಿಡುತ್ತದೆ, ಉಳಿಯುವುದು ಮೆಗ್ನೀಸಿಯಂ ಹೈಡ್ರಾಕ್ಸೈಡ್. ಅದು ಏನು ಗೊತ್ತೇ? ಹೊಟ್ಟೆ ಕಟ್ಟಿದಾಗ ಕುಡಿಯುವ ಮಿಲ್ಕ್ ಆಫ್ ಮೆಗ್ನೀಷಿಯಾ. ಓಟಕ್ಕೆ ಮುಂಚೆ ಜಾಸ್ತಿ ತೆಗೆದುಕೊಂಡರೆ ಓಟ ಬೇರೆ ದಿಕ್ಕಿಗೆ ಹೋದೀತು.

ಈ ಎರಡು ಚಮಚ ಅನಿಲಕ್ಕೆ ನಮ್ಮ ಹೊಟ್ಟೆಯೊಳಗಿನ ಸೂಕ್ಷ್ಮಜೀವಿಗಳು ನಗುತ್ತಿರಬೇಕು. ನಮಗೆ ಅರಗದ ಕಾಳುಕಡಿಯ ಸಕ್ಕರೆಯನ್ನು ಅವು ಹುಳಿ ಹಿಡಿಸಿ ಹೈಡ್ರೋಜನ್ ಮಾಡುತ್ತವೆ. 1969ರಲ್ಲಿ ಅಮೆರಿಕದ ಮೈಕೆಲ್ ಲೆವಿಟ್ ಇದನ್ನು ಅಳೆದಿದ್ದರು. ಉಪವಾಸ ಇದ್ದಾಗಲೇ ಕರುಳಿನಲ್ಲಿ ನಿಮಿಷಕ್ಕೆ ಸರಾಸರಿ 0.24 ಮಿಲಿಲೀಟರ್, ಕರುಳಿಗೆ ಹಾಲಿನ ಸಕ್ಕರೆ ಬಿಟ್ಟಾಗ 1.6. ಅಂದರೆ ಏನೂ ತಿನ್ನದೆ ಒಂದು ತಾಸು ಸುಮ್ಮನೆ ಕೂತರೂ ಬಾಟಲಿಗಿಂತ ಹೆಚ್ಚು ಜಲಜನಕ ನಮ್ಮೊಳಗೇ ಹುಟ್ಟುತ್ತದೆ. ಬಾಟಲಿ ಕಡೆಯವರು ಇದಕ್ಕೊಂದು ಉತ್ತರ ಕೊಡುತ್ತಾರೆ: ಕರುಳಿನದು ನಿಧಾನವಾಗಿ ಬರುವಂಥದು, ನೀರಿನದು ಹತ್ತು ನಿಮಿಷದಲ್ಲಿ ಒಮ್ಮೆಲೇ ಏರುತ್ತದೆ, ಆ ಏರಿಕೆಯೇ ಕೆಲಸ ಮಾಡುತ್ತದೆ ಅಂತ. ಇರಬಹುದು, ತಳ್ಳಿಹಾಕುವ ಮಾತಲ್ಲ. ಆದರೂ ಕಲಬುರಗಿ ತೊಗರಿ ತಿಂದು ಬೆಳೆದ ಹುಡುಗ ಹೈಡ್ರೋಜನ್‌ಗೆ 4,800 ಕೊಡುವುದು, ಬಾವಿ ಇದ್ದವನು ಟ್ಯಾಂಕರ್ ತರಿಸಿದ ಹಾಗೆ ನನಗೆ ಕಂಡಿತು.

ಇದನ್ನೆಲ್ಲ ಅವನಿಗೆ ಹೇಳಿದೆ. ಪೂರ್ತಿ ಕೇಳಿ ಒಂದೇ ಮಾತು ಹೇಳಿದ: "ಅದೆಲ್ಲಾ ಖರೇ ಇರಬಹುದು ಮಾಮಾ. ಆದ್ರ ನನಗ ಫರಕ್ ಗೊತ್ತಾಗ್ಲತ್ತದ."

ಇದಕ್ಕೆ ಏನು ಹೇಳುತ್ತೀರಿ? ಅವನ ಕಾಲು, ಅವನ ಎದೆ. 'ನೋಡೇ ಬಿಡೋಣ' ಅಂದೆ. ಅವನೂ ಒಪ್ಪಿದ.

ನಮ್ಮ ಮನೆಯಾಕೆ ಎಂಟು ಚೀಟಿ ಬರೆದಳು. ನಾಲ್ಕರಲ್ಲಿ 'ಹೈ', ನಾಲ್ಕರಲ್ಲಿ 'ಸಾ'. ಹೈಡ್ರೋಜನ್, ಸಾದಾ. ಚೀಟಿಗಳನ್ನು ಖಾಲಿ ಏಲಕ್ಕಿ ಡಬ್ಬಿಗೆ ಹಾಕಿದಳು. ದಿನ ಬಿಟ್ಟು ದಿನ ಬೆಳಿಗ್ಗೆ ಅಡುಗೆಮನೆ ಬಾಗಿಲು ಹಾಕಿಕೊಂಡು ಒಂದು ಚೀಟಿ ಎತ್ತುವುದು, ಅದರ ಪ್ರಕಾರ ನೀರು ಮಾಡುವುದು, ಸ್ಟೀಲ್ ಚೊಂಬಿನಲ್ಲಿ ತಂದು ಅರೆಗತ್ತಲಲ್ಲಿ ಕೊಡುವುದು. ಗುಳ್ಳೆ ಕಾಣಬಾರದಲ್ಲ! ಹೈಡ್ರೋಜನ್‌ಗೆ ರುಚಿ ಇಲ್ಲ, ವಾಸನೆ ಇಲ್ಲ, ಹಾಗಾಗಿ ಮೋಸಕ್ಕೆ ಅನುಕೂಲ. 'ಸಾ' ಬಂದ ದಿನವೂ ಬಾಟಲಿಯ ಬಟನ್ ಒತ್ತಿ ಸದ್ದು ಕೇಳಿಸುತ್ತಿದ್ದಳು ಅಂತ ಆಮೇಲೆ ಗೊತ್ತಾಯಿತು. ಅಷ್ಟು ನನಗೂ ಹೊಳೆದಿರಲಿಲ್ಲ. ಯಾವ ದಿನ ಯಾವುದು ಅನ್ನುವುದನ್ನು ಹಾಲಿನ ಲೆಕ್ಕದ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಳು. ನನಗೂ ಗೊತ್ತಿಲ್ಲ, ಅವನಿಗೂ ಗೊತ್ತಿಲ್ಲ. ದೊಡ್ಡ ದೊಡ್ಡ ಲ್ಯಾಬುಗಳಲ್ಲಿ ಡಬಲ್ ಬ್ಲೈಂಡ್ ಅನ್ನುವುದು ಇದಕ್ಕೇ.

ಓಟ ಉಪ್ಪಲ್ ಭಗಾಯತ್ ಲೇಔಟಿನಲ್ಲಿ. ಮಿನಿ ಶಿಲ್ಪಾರಾಮದ ಆಚೆ ರಸ್ತೆಗಳು ಅಗಲ, ಬೆಳಗಿನ ಜಾವ ಗಾಡಿ ಕಡಿಮೆ, ನಾಯಿ ಜಾಸ್ತಿ. ಮೇಸ್ತ್ರಿಯ ಟೇಪು ತಂದು 400 ಮೀಟರ್ ಅಳೆದು ಎರಡೂ ತುದಿಗೆ ಸುಣ್ಣ ಹಾಕಿದ್ದೆ. ಅತ್ತ, ಇತ್ತ, ಅತ್ತ, ಇತ್ತ, 1600. ನಾನು ಒಂದು ತುದಿಯಲ್ಲಿ ಫೋನಿನ ಗಡಿಯಾರ ಹಿಡಿದು ನಿಲ್ಲುವುದು, ಅವನು ಪ್ರತಿ ತುದಿ ಮುಟ್ಟಿದ ಹೊತ್ತನ್ನು ಪುಸ್ತಕದಲ್ಲಿ ಬರೆಯುವುದು. ಓಡಿ ಬಂದ ಮೇಲೆ ಇವತ್ತು ಯಾವ ನೀರು ಅಂತ ಅವನು ಊಹಿಸಬೇಕು.

ಹದಿನಾರನೇ ದಿನ ಕ್ಯಾಲೆಂಡರ್ ತಿರುಗಿಸಿದೆವು. ಹೈಡ್ರೋಜನ್ ದಿನಗಳು: 6:46, 6:51, 6:43, 6:49. ಸಾದಾ ದಿನಗಳು: 6:47, 6:44, 6:52, 6:41. ಸರಾಸರಿ ತೆಗೆದರೆ ಸಾದಾ ನೀರೇ ಒಂದು ಸೆಕೆಂಡು ಚಿಲ್ಲರೆ ಮುಂದೆ! ಊಹೆಯಲ್ಲಿ ಎಂಟಕ್ಕೆ ಮೂರು ಸರಿ. 6:41 ಓಡಿದ ದಿನ "ಇವತ್ತು ನೂರಕ್ಕೆ ನೂರು ಹೈಡ್ರೋಜನ್, ಉಸಿರು ಹಗುರ ಅದ" ಅಂತ ಅಂದಿದ್ದ. ಅದು ನಮ್ಮ ಮನೆಯ ಫಿಲ್ಟರಿನ ನೀರು.

ಎಂಟು ಓಟದಿಂದ ಏನೂ ಸಾಬೀತಾಗುವುದಿಲ್ಲ, ಅದು ನನಗೆ ಗೊತ್ತು. ಒಂದು ದಿನಕ್ಕೂ ಇನ್ನೊಂದು ದಿನಕ್ಕೂ ಅವನಲ್ಲೇ ಹತ್ತು ಸೆಕೆಂಡು ಹೆಚ್ಚುಕಮ್ಮಿ ಇದೆ. ಈ ನೀರಿನಿಂದ ನೂರಕ್ಕೆ ಒಂದರಷ್ಟು ಲಾಭ ಆಗುತ್ತದೆ ಅಂತಲೇ ಇಟ್ಟುಕೊಳ್ಳಿ, ಅದು ನಾಲ್ಕು ಸೆಕೆಂಡು. ಆ ಹತ್ತರ ಗದ್ದಲದಲ್ಲಿ ಈ ನಾಲ್ಕು ಕೇಳಿಸುವುದೇ ಇಲ್ಲ. ಆದರೆ ಅವನಿಗೆ ಬೇಕಾದದ್ದು ಹದಿನೆಂಟು, ನಾಲ್ಕಲ್ಲ.

ನಾನು ಗೆದ್ದೆ ಅಂದುಕೊಂಡಿದ್ದೆ. ಹುಡುಗ ಮಾತಾಡಲಿಲ್ಲ. ಎರಡು ದಿನ ಓಡಲಿಕ್ಕೂ ಹೋಗಲಿಲ್ಲ. ಮೂರನೇ ದಿನ ಓಡಿದ್ದು 6:55. ಆಗ ನನಗೆ ಹೊಟ್ಟೆಯಲ್ಲಿ ಹಿಂಡಿದ ಹಾಗಾಯಿತು. ಓದಿದ್ದರಲ್ಲಿ ಇದಕ್ಕೂ ಉತ್ತರ ಇತ್ತು, ನಾನು ಗಮನ ಕೊಟ್ಟಿರಲಿಲ್ಲ ಅಷ್ಟೆ. 2006ರಲ್ಲಿ ಇಂಗ್ಲೆಂಡಿನಲ್ಲಿ ಆರು ಜನ ಸೈಕಲ್ ಪಟುಗಳಿಗೆ ಕೆಫೀನ್ ಕೊಡುತ್ತೇವೆ ಅಂತ ಹೇಳಿ ಪ್ರತಿಸಲವೂ ಬರೀ ಪೊಳ್ಳು ಮಾತ್ರೆ ಕೊಟ್ಟರು. ಜಾಸ್ತಿ ಕೆಫೀನ್ ಸಿಕ್ಕಿದೆ ಅಂತ ನಂಬಿದಾಗ ಅವರ ಶಕ್ತಿ ನೂರಕ್ಕೆ 3.1 ಏರಿತು, ಕಡಿಮೆ ಸಿಕ್ಕಿದೆ ಅಂತ ನಂಬಿದಾಗ 1.3. ಪೊಳ್ಳು ಸಿಕ್ಕಿದೆ ಅಂತ ತಿಳಿದಾಗ 1.4ರಷ್ಟು ಇಳಿಯಿತು. ನಂಬಿಕೆಗೆ ಜಲಜನಕಕ್ಕಿಂತ ಹೆಚ್ಚು ಬಲ ಇದೆಯೋ ಏನೋ. ಅದನ್ನು ನಾನು ಏಲಕ್ಕಿ ಡಬ್ಬಿಯಲ್ಲಿ ಚೀಟಿ ಹಾಕಿ ಕಿತ್ತುಕೊಂಡಿದ್ದೆ. ಅಕ್ಕ ಫೋನ್ ಮಾಡಿ "ಯಾಕೋ ಹುಡುಗ ಸಪ್ಪಗದಾನ" ಅಂದಾಗ ಏನು ಹೇಳಬೇಕೋ ತಿಳಿಯಲಿಲ್ಲ.

ಆ ರಾತ್ರಿ ಓಟದ ಪುಸ್ತಕ ತಿರುವಿಹಾಕಿದೆ. ಒಟ್ಟು ಹೊತ್ತನ್ನಷ್ಟೇ ನೋಡುತ್ತಿದ್ದವನಿಗೆ ತುದಿಯಿಂದ ತುದಿಗೆ ಬರೆದದ್ದು ಈಗ ಕಣ್ಣಿಗೆ ಬಿತ್ತು. 6:48 ಓಡುವ ದಿನದ ಲೆಕ್ಕ ಹೀಗೆ: ಮೊದಲ 400 ಮೀಟರಿಗೆ 82 ಸೆಕೆಂಡು, ಆಮೇಲೆ 98, 110, 118. ಹೈಡ್ರೋಜನ್ ಇರಲಿ, ಸಾದಾ ಇರಲಿ, ಎಲ್ಲ ದಿನವೂ ಹೆಚ್ಚುಕಡಿಮೆ ಇದೇ ಕಥೆ. ಮೊದಲ ಸುತ್ತಿನಲ್ಲಿ ಹುಲಿ, ಕೊನೆಯ ಸುತ್ತಿನಲ್ಲಿ ಎಳೆಯುವ ಎತ್ತು. 6:30ಕ್ಕೆ ಬೇಕಾದದ್ದು ಪ್ರತಿ 400ಕ್ಕೆ ಬರೀ ತೊಂಬತ್ತೇಳೂವರೆ. ಅಷ್ಟು ಅವನಲ್ಲಿತ್ತು, ಶುರುವಿನಲ್ಲೇ ಖರ್ಚು ಮಾಡಿಬಿಡುತ್ತಿದ್ದ.

ಮರುದಿನದಿಂದ ನಾನು ಸ್ಕೂಟರ್ ತೆಗೆದೆ. 6:30ರ ವೇಗ ಅಂದರೆ ಗಂಟೆಗೆ ಸುಮಾರು 14.8 ಕಿಲೋಮೀಟರ್. ಮುಳ್ಳನ್ನು ಹದಿನೈದರ ಕೆಳಗೆ ಕೂದಲೆಳೆಯಷ್ಟು ಹಿಡಿದು ಸ್ಕೂಟರ್ ಬಿಡುವುದು ಎಷ್ಟು ಕಷ್ಟ ಅಂತ ಒಮ್ಮೆ ಬಿಟ್ಟು ನೋಡಿ. ಗಾಡಿ ಓಲಾಡುತ್ತದೆ, ನಾಯಿಗಳು ಅಟ್ಟಿಸಿಕೊಂಡು ಬರುತ್ತವೆ. "ಮುಂದ ಹೋಗಬ್ಯಾಡ, ನನ್ನ ಬಾಜೂನೇ ಇರು" ಅಂತ ಕೂಗುತ್ತ ಹೋಗುವುದು. ಮೊದಲ ಸುತ್ತಿನಲ್ಲಿ ಅವನಿಗೆ ಜೀವ ಹೋದ ಹಾಗೆ, ಯಾರೋ ಲಗಾಮು ಹಿಡಿದ ಹಾಗೆ. ವಾರಕ್ಕೆರಡು ದಿನ ಪೂರ್ತಿ ಓಟ ಬಿಟ್ಟು 400 ಮೀಟರಿನ ತುಂಡು ಓಟಗಳು, ನಡುವೆ ನಡಿಗೆ. ಬೂಟು ನಾನೇ ಕೊಡಿಸಿದೆ, ಅಕ್ಕನಿಗೆ ಹೇಳಲಿಲ್ಲ.

ಇನ್ನೊಂದು ವಿಷಯ ನಮ್ಮ ಮನೆಯಾಕೆ ಕಂಡುಹಿಡಿದದ್ದು. ಓಡಿ ಬಂದವನು ಚಹಾ, ಎರಡು ಬಿಸ್ಕತ್ತು ತಿಂದು ಗೋಡೌನಿಗೆ ಹೋದರೆ ಊಟ ಮಧ್ಯಾಹ್ನ ಎರಡಕ್ಕೆ. ಉಪ್ಪಲ್‌ನಿಂದ ಮೆಟ್ರೋದಲ್ಲಿ ನಾಲ್ಕನೇ ಸ್ಟೇಷನ್ ತಾರ್ನಾಕ. ಅಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ, 1918ರಲ್ಲಿ ಕೂನೂರಿನಲ್ಲಿ ಶುರುವಾಗಿ 1958ರಲ್ಲಿ ಹೈದರಾಬಾದಿಗೆ ಬಂದದ್ದು. ನಮ್ಮ ದೇಶದವರು ಏನು ತಿನ್ನಬೇಕು ಅನ್ನುವ 17 ಸೂತ್ರಗಳನ್ನು 2024ರ ಮೇ ತಿಂಗಳಲ್ಲಿ ಹೊರಡಿಸಿದರು. ಮೈ ಬೆಳೆಸಲಿಕ್ಕೆ ಪ್ರೋಟೀನ್ ಪುಡಿಯ ಡಬ್ಬಿ ಬೇಡ ಅಂತ ಅದರಲ್ಲಿ ಸ್ಪಷ್ಟವಾಗಿ ಇದೆ. ಇಷ್ಟು ಹತ್ತಿರದಲ್ಲಿ ಇಂಥ ಸಂಸ್ಥೆ ಇಟ್ಟುಕೊಂಡು ನಾವು ಜಿಮ್ಮಿನವರ ಮಾತು ಕೇಳುತ್ತೇವೆ. ಈಗ ಅವನಿಗೆ ಬೆಳಿಗ್ಗೆ ಎರಡು ಜೋಳದ ರೊಟ್ಟಿ, ಬೇಳೆ, ಒಂದು ಮೊಟ್ಟೆ ತಿನ್ನದೆ ಹೊಸ್ತಿಲು ದಾಟುವ ಹಾಗಿಲ್ಲ.

ಮೂರು ವಾರಕ್ಕೆ 6:36 ಬಂತು. ಸುತ್ತಿನ ಲೆಕ್ಕ 96, 99, 102, 99. ಕೊನೆಯ ಸುತ್ತು ಮೂರನೆಯದಕ್ಕಿಂತ ಜೋರು, ಇದು ಅವನ ಜನ್ಮದಲ್ಲಿ ಮೊದಲ ಸಲ. ಇನ್ನೆರಡು ವಾರಕ್ಕೆ ಒಂದು ದಿನ 6:29. ಆ ದಿನ ರಸ್ತೆಯಲ್ಲೇ ಕೂತು ನಕ್ಕ. ಒಂದು ದಿನ ಬಿಟ್ಟು ಮತ್ತೆ 6:33. ಹಾಗೇ ಗಡಿಯ ಮೇಲೆ ನಿಂತಿದ್ದಾನೆ.

ಮೊನ್ನೆ ಓಟಕ್ಕೆ ಕರೆಪತ್ರ ಬಂತು. ನಿನ್ನೆ ಬೆಳಿಗ್ಗೆ ಹೊರಟ. ಉಪ್ಪಲ್ ಮೆಟ್ರೋ ಹಿಡಿದು ಪರೇಡ್ ಗ್ರೌಂಡಿನಲ್ಲಿ ಬದಲಾಯಿಸಿ ಎಂಜಿಬಿಎಸ್, ಅಲ್ಲಿಂದ ಕಲಬುರಗಿ ಬಸ್ಸು. ಚೀಲ ಜೋಡಿಸುವಾಗ ಬೂಟು ಇಟ್ಟ, ಸುತ್ತಿನ ಲೆಕ್ಕದ ಪುಸ್ತಕ ಇಟ್ಟ. ಆಮೇಲೆ ಫ್ರಿಜ್ಜಿನ ಮೇಲಿನಿಂದ ಬಾಟಲಿ ತೆಗೆದು ನನ್ನ ಮುಖ ನೋಡಿದ.

"ಒಯ್ಯಲೇನ್ರಿ ಮಾಮಾ?"

ನಾನು ಬಾಟಲಿ ಇಸಿದುಕೊಂಡು ಒಳಗೆ ಹೋದೆ. ಚಾರ್ಜಿಗೆ ಹಾಕಿ, ತೊಳೆದು, ಫಿಲ್ಟರಿನ ನೀರು ಕಂಠಮಟ್ಟ ತುಂಬಿಸಿ ತಂದು ಅವನ ಕೈಗೆ ಕೊಟ್ಟೆ.